ಕಪ್ಪು ಗೊಬ್ಬರದ ಎರಡು ಮುಖ



ಮನೆಯಲ್ಲಿ ನಾವು ತಿಪ್ಪೆಗೊಬ್ಬರ ಎನ್ನುತ್ತೇವೆ. ಸಂತೆಗೆ ಹೋದರೆ ಮರಾಠಿಯಲ್ಲಿ ಶೇಣಖತ ಎನ್ನುತ್ತೇವೆ. ಹೆಸರು ಯಾವುದಾದರೇನು, ಚೆನ್ನಾಗಿ ಕಳಿತ ಗೊಬ್ಬರದ ಬಣ್ಣ ಕಪ್ಪು. ಆ ಕಪ್ಪಿನಲ್ಲಿರುವ ಹ್ಯೂಮಿಕ್ ಪದಾರ್ಥಗಳು ಈಗ ಬಾಟಲಿಯಲ್ಲೂ ಮಾರಾಟಕ್ಕಿವೆ. ಬೆಳೆಗೆ ಹಾಕಲು ಮಾತ್ರವಲ್ಲ, ಕುಡಿಯಲೂ ಸಹ! ಹಾಗಾದರೆ ಕುಡಿಯಬಹುದೇ? ಇವುಗಳ ಚರಿತ್ರೆಯನ್ನೊಮ್ಮೆ ನೋಡೋಣ.

1786ರಲ್ಲಿ ಜರ್ಮನಿಯ ವಿಜ್ಞಾನಿ ಫ್ರಾಂಟ್ಸ್ ಕಾರ್ಲ್ ಅಷಾರ್ ಜೌಗು ನೆಲದ ಕಪ್ಪು ಮಣ್ಣನ್ನು ಕ್ಷಾರದಲ್ಲಿ ನೆನೆಸಿದರು. ಬಂದ ರಸಕ್ಕೆ ಆಮ್ಲ ಹಾಕಿದಾಗ ಕಪ್ಪು ಗಸಿ ತಳದಲ್ಲಿ ನಿಂತಿತು. ಬೀಟ್ ಗೆಡ್ಡೆಯಿಂದ ಸಕ್ಕರೆ ತೆಗೆಯುವ ಕಾರ್ಖಾನೆಯನ್ನು ಮುಂದೆ ತೆರೆದವರೂ ಇವರೇ. ಈ ಕಪ್ಪು ಪದಾರ್ಥವೇ ಗಿಡದ ಆಹಾರ ಎಂದು ಆ ಕಾಲದವರು ನಂಬಿದ್ದರು. 1840ರಲ್ಲಿ ಲೀಬಿಗ್ ಅದನ್ನು ಅಲ್ಲಗಳೆದರು: ಗಿಡಕ್ಕೆ ಬೇಕಾದದ್ದು ಖನಿಜ ಲವಣಗಳು, ಇಂಗಾಲವೋ, ಗಾಳಿಯಿಂದ ಬರುತ್ತದೆ ಎಂದರು.

ಆದರೂ ಕಪ್ಪಿಗೆ ಬೇರೊಂದು ಗುಣವಿತ್ತು. ಎರೆಹುಳು ಗೊಬ್ಬರದಿಂದ ತೆಗೆದ ಹ್ಯೂಮಿಕ್ ಆಮ್ಲವು ಮೆಕ್ಕೆಜೋಳದ ಬೇರಿನ ಕೋಶಗಳನ್ನು ಚುರುಕುಗೊಳಿಸಿ ಕವಲು ಬೇರುಗಳನ್ನು ಹೆಚ್ಚಿಸುತ್ತದೆ ಎಂದು 2002ರಲ್ಲಿ ಬ್ರೆಜಿಲ್ಲಿನ ವಿಜ್ಞಾನಿಗಳು ತೋರಿಸಿದರು.

ಇನ್ನು ನಮ್ಮ ದೇಹದ ಮಾತು. ಆಮ್ಲಜನಕದಿಂದ ಹುಟ್ಟುವ ಕೆಲವು ಉಗ್ರ ಅಣುಗಳು ಕೋಶದ ಭಾಗಗಳಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತವೆ, ಕೋಶ ಕೆಡುತ್ತದೆ. ತನ್ನ ಎಲೆಕ್ಟ್ರಾನನ್ನೇ ಕೊಟ್ಟು ಇದನ್ನು ತಡೆಯುವ ವಸ್ತುವಿಗೆ ಉತ್ಕರ್ಷಣ ನಿರೋಧಕ ಎಂದು ಹೆಸರು. ಹ್ಯೂಮಿಕ್ ಪದಾರ್ಥಗಳು ಹೀಗೆ ಎಲೆಕ್ಟ್ರಾನ್ ಕೊಡಬಲ್ಲವೆಂಬುದನ್ನು 2012ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಅಳೆದು ತೋರಿಸಿದರು.

ಬಾಟಲಿ ಮಾರುವವರು ಇಷ್ಟನ್ನೇ ಹೇಳುತ್ತಾರೆ. ತೈವಾನಿನ ಕಥೆ ಹೇಳುವುದಿಲ್ಲ. ಆ ದ್ವೀಪದ ನೈರುತ್ಯ ಕರಾವಳಿಯಲ್ಲಿ ಆಳವಾದ ಬಾವಿಗಳ ನೀರು ಕುಡಿದವರಿಗೆ ಕಾಲು ಕಪ್ಪಾಗಿ ಕೊಳೆಯುವ ರೋಗ ಬಂದಿತು. ಮುಖ್ಯ ಅಪರಾಧಿ ಆರ್ಸೆನಿಕ್ ವಿಷ. ಆದರೆ ಆ ನೀರಿನಲ್ಲಿ ಹ್ಯೂಮಿಕ್ ಆಮ್ಲವೂ ಇತ್ತು. ಅದರ ಮೇಲೂ ಅನುಮಾನ ಬಂದು, ಪ್ರಯೋಗಾಲಯದಲ್ಲಿ ಮನುಷ್ಯರ ರಕ್ತನಾಳದ ಕೋಶಗಳಿಗೆ ಅದನ್ನು ಸೇರಿಸಿ ನೋಡಿದರು. ಅಲ್ಲಿ ಅದು ಕೋಶವನ್ನು ಕಾಯಲಿಲ್ಲ, ಕೆಡಿಸಿತು!

ಕೊಡುವ ಕೈಯೇ ಕಿತ್ತುಕೊಳ್ಳಲೂ ಬಲ್ಲದು. ಪ್ರಮಾಣ, ಮೂಲ, ಜೊತೆಗಿರುವ ಲೋಹಗಳು, ಎಲ್ಲದರ ಮೇಲೂ ಫಲ ನಿಂತಿದೆ. ಗಾಜಿನ ತಟ್ಟೆಯಲ್ಲಿ ಕಂಡ ಗುಣ ದೇಹದಲ್ಲಿ ರೋಗ ವಾಸಿ ಮಾಡುತ್ತದೆಂಬ ಭರವಸೆಯಲ್ಲ.

ಆದ್ದರಿಂದ ಬಂಧುಗಳೇ, ವೈದ್ಯರನ್ನು ಕೇಳದೆ ಆ ಬಾಟಲಿಯ ಮುಚ್ಚಳ ತೆಗೆಯಬೇಡಿ. ತಿಪ್ಪೆಯ ಕಪ್ಪು ಹೊಲಕ್ಕೆ ಹೋಗಲಿ. ಅಲ್ಲಿ ಅದರ ಉಪಕಾರವನ್ನು ನಮ್ಮ ಹಿರಿಯರೂ ಕಂಡಿದ್ದಾರೆ, ನಾವೂ ಕಂಡಿದ್ದೇವೆ.