ಹೈಸ್ಕೂಲನ್ನು 'ಪ್ರೈವೇಟಾಗಿ ಕಟ್ಟಿದ' ಅಮೆರಿಕ

'ಎಸ್ಸೆಸ್ಸೆಲ್ಸಿ ಪ್ರೈವೇಟಾಗಿ ಕಟ್ಟಿದಾನೆ' ಅಂತ ನಮ್ಮ ಕಡೆ ಒಂದು ಮಾತಿದೆ. ಬರೆಯೋದು, ಪಾಸಾಗೋದು ಎಲ್ಲ ಆಮೇಲೆ. ಮೊದಲು 'ಕಟ್ಟಬೇಕು'. ಕಟ್ಟೋದು ಬರೀ ಪರೀಕ್ಷೆ ಫೀಸೇ ಇರಬಹುದು, ಆದರೂ ಕೇಳೋದಕ್ಕೆ ಮನೆ ಕಟ್ಟಿದಷ್ಟೇ ಭಾರವಾಗಿ ಕೇಳುತ್ತೆ. ನಮ್ಮ ಚಿಕ್ಕಮ್ಮ ಹಾಗೆ ಕಟ್ಟಿದ್ದು ತನ್ನ ಮೂವತ್ತೆಂಟನೇ ವಯಸ್ಸಿನಲ್ಲಿ. ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದಳು, ಕಾರ್ಯಕರ್ತೆ ಆಗಬೇಕಾದರೆ ಹತ್ತನೇ ಕ್ಲಾಸು ಬೇಕು ಅಂದರು. ರಾತ್ರಿ ಊಟ ಆದಮೇಲೆ ಅಡುಗೆಮನೆ ಬಾಗಿಲು ಹಾಕಿಕೊಂಡು ಓದ್ತಿದ್ದಳು. ಬಾಗಿಲು ಯಾಕೆ ಅಂದ್ರೆ, ಆಗ ಅವಳ ಮಗ ಒಂಬತ್ತನೇ ಕ್ಲಾಸಲ್ಲಿದ್ದ. ಅಮ್ಮ ಹತ್ತನೇ ಕ್ಲಾಸಿಗೆ ಓದ್ತಿದಾಳೆ ಅಂತ ಅವನ ಗೆಳೆಯರಿಗೆ ಗೊತ್ತಾಗಬಾರದಿತ್ತು.

ಇದೆಲ್ಲ ನೆನಪಾಗಿದ್ದು ಅಮೆರಿಕದ ಒಂದು ಲೈಬ್ರರಿಯ ವಿಷಯ ಓದುವಾಗ. 2014ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನ ಸಾರ್ವಜನಿಕ ಗ್ರಂಥಾಲಯ, ಶಾಲೆ ಅರ್ಧಕ್ಕೆ ಬಿಟ್ಟ ವಯಸ್ಕರಿಗೆ ಆನ್‌ಲೈನಿನಲ್ಲಿ ಹೈಸ್ಕೂಲು ಮುಗಿಸೋ ವ್ಯವಸ್ಥೆ ಶುರುಮಾಡಿತು. ಅಂಥ ಕೆಲಸಕ್ಕೆ ಕೈಹಾಕಿದ ಮೊದಲ ಗ್ರಂಥಾಲಯ ಅದೇ. ಲೈಬ್ರರಿ ಪುಸ್ತಕ ಕೊಡುತ್ತೆ, ಪೇಪರ್ ಓದೋಕೆ ಜಾಗ ಕೊಡುತ್ತೆ, ಹೈಸ್ಕೂಲ್ ಡಿಪ್ಲೊಮಾನೂ ಕೊಡಿಸುತ್ತಾ ಅಂತ ಆಶ್ಚರ್ಯ ಆಯ್ತು. ಹಿಂದಕ್ಕೆ ಹುಡುಕುತ್ತಾ ಹೋದರೆ, ಇದು ಕಂಪ್ಯೂಟರಿನಿಂದ ಶುರುವಾದ ಕಥೆಯೇ ಅಲ್ಲ. ನೂರು ವರ್ಷಕ್ಕೂ ಹಿಂದಿನದು. ಆ ಕಥೆಯ ಉದ್ದಕ್ಕೂ ಒಂದೇ ಜಗಳ: ಒಬ್ಬ ಮನುಷ್ಯ 'ಹೈಸ್ಕೂಲು ಮುಗಿಸಿದ' ಅನ್ನೋದು ಯಾವಾಗ? ಇಷ್ಟು ಗಂಟೆ ಬೆಂಚಿನ ಮೇಲೆ ಕೂತಾಗಲೋ, ಇಷ್ಟು ಕಲಿತಾಗಲೋ?

ಬೆಂಚಿನ ಲೆಕ್ಕದ ಮೂಲ ತಮಾಷೆಯಾಗಿದೆ. 1905ರಲ್ಲಿ ಉಕ್ಕಿನ ದೊರೆ ಆಂಡ್ರ್ಯೂ ಕಾರ್ನೆಗಿ ಕಾಲೇಜು ಪ್ರಾಧ್ಯಾಪಕರ ಪಿಂಚಣಿಗೆ ಅಂತ ಒಂದು ಕೋಟಿ ಡಾಲರ್ ತೆಗೆದಿಟ್ಟ. ಯಾವ ಕಾಲೇಜಿಗೆ ಕೊಡೋದು? ಅಲ್ಲಿ ಕಾಲೇಜು ಯಾವುದು, ಹೈಸ್ಕೂಲು ಯಾವುದು ಅನ್ನೋದೇ ಆಗ ಸ್ಪಷ್ಟ ಇರಲಿಲ್ಲ. ಹಾಗಾಗಿ ಅವನ ಪ್ರತಿಷ್ಠಾನ ಒಂದು ಷರತ್ತು ಹಾಕಿತು. ಹೈಸ್ಕೂಲಿನಲ್ಲಿ ಕನಿಷ್ಠ 14 'ಯೂನಿಟ್' ಓದಿದವರನ್ನು ಮಾತ್ರ ಸೇರಿಸಿಕೊಳ್ಳುವ ಕಾಲೇಜಿಗೆ ಪಿಂಚಣಿ. ಒಂದು ಯೂನಿಟ್ ಅಂದರೆ ಒಂದು ವಿಷಯದಲ್ಲಿ ಸುಮಾರು 120 ಗಂಟೆಗಳ ಪಾಠ. ಮೇಷ್ಟ್ರುಗಳ ಪಿಂಚಣಿಗಾಗಿ ಹುಟ್ಟಿದ ಈ ಅಳತೆಗೋಲು ಕೊನೆಗೆ ಇಡೀ ದೇಶದ ಹೈಸ್ಕೂಲನ್ನೇ ಅಳೆಯತೊಡಗಿತು. ಅದಕ್ಕೆ 'ಕಾರ್ನೆಗಿ ಯೂನಿಟ್' ಅಂತಲೇ ಹೆಸರು. ಇವತ್ತಿಗೂ ಪೂರ್ತಿ ಹೋಗಿಲ್ಲ.

ಗಂಟೆ ಲೆಕ್ಕ ಬಂತು ಅಂದ್ರೆ, ಗಂಟೆ ಇಲ್ಲದವರು ಹೊರಗೆ ಅಂತ ಅರ್ಥ. ಹೊಲದಲ್ಲಿ, ಗಣಿಯಲ್ಲಿ, ಕಾರ್ಖಾನೆಯಲ್ಲಿ ದುಡಿಯೋ ಹುಡುಗರಿಗೆ ಗಂಟೆ ಎಲ್ಲಿಂದ ಬರಬೇಕು? ಅವರಿಗೆ ಇದ್ದ ದಾರಿ ಅಂಚೆ. 1897ರಲ್ಲಿ ಬಾಸ್ಟನ್‌ನಲ್ಲಿ ಹುಟ್ಟಿ ಮುಂದೆ ಷಿಕಾಗೋಗೆ ಹೋದ 'ಅಮೆರಿಕನ್ ಸ್ಕೂಲ್' ಅಂಚೆಯಲ್ಲೇ ಪಾಠ ಕಳಿಸುತ್ತಿತ್ತು. ನೆಬ್ರಾಸ್ಕಾ ವಿಶ್ವವಿದ್ಯಾಲಯ 1929ರಿಂದ ಹೈಸ್ಕೂಲ್ ಪಾಠಗಳನ್ನು ಅಂಚೆಗೆ ಹಾಕತೊಡಗಿತು. ಅಲ್ಲಿಯ ಹಳ್ಳಿಗಳು ಎಷ್ಟು ದೂರ ದೂರ ಅಂದ್ರೆ, ಮಗುವನ್ನು ಶಾಲೆಗೆ ಕಳಿಸೋದಕ್ಕಿಂತ ಶಾಲೆಯನ್ನೇ ಲಕೋಟೆಯಲ್ಲಿ ಕಳಿಸೋದು ಸುಲಭ. ಉತ್ತರ ಬರೆದು ಕಳಿಸಿದರೆ ತಿದ್ದಿ ವಾಪಸ್ ಬರುತ್ತಿತ್ತು. ಇವತ್ತು ನಾವು 'ಅಸೈನ್‌ಮೆಂಟ್ ಅಪ್‌ಲೋಡ್' ಅನ್ನೋದು ಇದನ್ನೇ, ಮಧ್ಯದ ಪೋಸ್ಟ್‌ಮ್ಯಾನ್ ಒಬ್ಬ ಇಲ್ಲ ಅಷ್ಟೇ.

ಹೈಸ್ಕೂಲು ಮುಗಿಸದೇ ಇರೋದು ಆಗ ನಾಚಿಕೆಯ ವಿಷಯವೂ ಆಗಿರಲಿಲ್ಲ, ಇದನ್ನು ನೆನಪಿಡಬೇಕು. 1940ರ ಜನಗಣತಿಯಲ್ಲಿ 25 ವರ್ಷ ದಾಟಿದ ಅಮೆರಿಕನ್ನರ ಪೈಕಿ ಹೈಸ್ಕೂಲು ಮುಗಿಸಿದ್ದವರು ನಾಲ್ವರಲ್ಲಿ ಒಬ್ಬರು. ಇವತ್ತು ಹತ್ತರಲ್ಲಿ ಒಂಬತ್ತು ಜನ ಮುಗಿಸಿರ್ತಾರೆ. ನಾಲ್ವರಲ್ಲಿ ಮೂವರ ಹತ್ತಿರ ಇಲ್ಲದ ಕಾಗದಕ್ಕೆ ಯಾರೂ ತಲೆತಗ್ಗಿಸಲ್ಲ. ಹತ್ತರಲ್ಲಿ ಒಬ್ಬನ ಹತ್ತಿರ ಮಾತ್ರ ಇಲ್ಲ ಅಂದಾಗ ಅದು ಹಣೆಪಟ್ಟಿ ಆಗುತ್ತೆ.

ನಡುವೆ ಬಂದದ್ದು ಯುದ್ಧ.

ಮೊದಲ ಮಹಾಯುದ್ಧ ಮುಗಿಸಿ ಬಂದ ಹುಡುಗರಿಗೆ ಅಮೆರಿಕದ ಶಾಲಾ ಕಾಲೇಜುಗಳು ಉದಾರವಾಗಿ ಕ್ರೆಡಿಟ್ ಕೊಟ್ಟಿದ್ದವು. ಇಷ್ಟು ತಿಂಗಳು ಸೈನ್ಯದಲ್ಲಿದ್ದೆಯಾ, ತಗೋ ಇಷ್ಟು ಕ್ರೆಡಿಟ್! ದೇಶಕ್ಕೆ ಹೋರಾಡಿದವನಿಗೆ ಇಲ್ಲ ಅನ್ನೋರು ಯಾರು? ಆದರೆ ಬೀಜಗಣಿತ ಬಾರದವನಿಗೂ ಬೀಜಗಣಿತದ ಕ್ರೆಡಿಟ್ ಸಿಕ್ಕಿತು. ಎರಡನೇ ಯುದ್ಧ ಬಂದಾಗ ಶಿಕ್ಷಣ ತಜ್ಞರು ಮೊದಲೇ ಎಚ್ಚೆತ್ತರು. ಈ ಸಲ ಪುಕ್ಕಟೆ ಬೇಡ, ಹಾಗಂತ ಇಪ್ಪತ್ತೈದು ವರ್ಷದ ಸೈನಿಕನನ್ನು ವಾಪಸ್ ಹದಿನೈದರ ಮಕ್ಕಳ ಪಕ್ಕ ಬೆಂಚಿನ ಮೇಲೆ ಕೂರಿಸೋದೂ ಬೇಡ. ಅವನಿಗೆ ಏನು ಗೊತ್ತು ಅಂತ ನೋಡೋಣ, ಅಂದರು.

1942ರಲ್ಲಿ ವಿಸ್ಕಾನ್ಸಿನ್‌ನ ಮ್ಯಾಡಿಸನ್ ಊರಿನಲ್ಲಿ ಸೈನ್ಯದ್ದೇ ಒಂದು ಅಂಚೆ ಶಾಲೆ ತೆರೆಯಿತು. ಮರುವರ್ಷ ಅದು 'ಯುಸಾಫಿ', ಅಂದರೆ ಇಡೀ ಸಶಸ್ತ್ರ ಪಡೆಗಳ ಶಿಕ್ಷಣ ಸಂಸ್ಥೆ ಆಯ್ತು. ಅದರ ಜೊತೆಗೇ ತಯಾರಾದದ್ದು ಜಿ.ಇ.ಡಿ. ಪರೀಕ್ಷೆ. ಅಯೋವಾ ವಿಶ್ವವಿದ್ಯಾಲಯದ ಇ.ಎಫ್. ಲಿಂಡ್‌ಕ್ವಿಸ್ಟ್ ಅದರ ಹಿಂದಿನ ಮುಖ್ಯ ತಲೆ. ಬರವಣಿಗೆ, ಸಮಾಜ, ವಿಜ್ಞಾನ, ಸಾಹಿತ್ಯ, ಗಣಿತ ಅಂತ ಐದು ಪತ್ರಿಕೆ. ಇಸವಿ, ಸೂತ್ರಗಳ ಬಾಯಿಪಾಠಕ್ಕಿಂತ ಒಂದು ಬರಹ ಕೊಟ್ಟರೆ ಓದಿ ಅರ್ಥ ಮಾಡ್ಕೊಳ್ತಾನಾ, ತರ್ಕ ಮಾಡ್ತಾನಾ ಅನ್ನೋ ಕಡೆಗೆ ಒತ್ತು. ಪರೀಕ್ಷೆಯ ಮಟ್ಟ ಗೊತ್ತುಮಾಡೋಕೆ ಅದನ್ನು 1943ರಲ್ಲಿ ನಿಜವಾದ ಹೈಸ್ಕೂಲಿನ ಕೊನೇ ವರ್ಷದ ಮಕ್ಕಳ ಕೈಲೇ ಬರೆಸಿ ನೋಡಿದರು. ಕಾರ್ನೆಗಿಯ ಗಂಟೆ ಲೆಕ್ಕಕ್ಕೆ ಬಿದ್ದ ಮೊದಲ ದೊಡ್ಡ ಪೆಟ್ಟು ಇದು. ಎಷ್ಟು ಹೊತ್ತು ಕೂತಿದ್ದೆ ಅಂತ ಯಾರೂ ಕೇಳಲಿಲ್ಲ, ಏನು ಬಲ್ಲೆ ಅಂತ ಕೇಳಿದರು.

ಸೈನಿಕರಿಗಾಗಿ ಕೊರೆದ ಬಾಗಿಲಲ್ಲಿ ಸೈನಿಕರಲ್ಲದವರೂ ನುಗ್ಗಿದರು. 1947ರಲ್ಲಿ ನ್ಯೂಯಾರ್ಕ್ ರಾಜ್ಯ ಸಾಮಾನ್ಯ ನಾಗರಿಕರಿಗೂ ಈ ಪರೀಕ್ಷೆ ಬಿಟ್ಟುಕೊಟ್ಟಿತು. 1959ರ ಹೊತ್ತಿಗೆ ಬರೆಯುವವರಲ್ಲಿ ಸೈನಿಕರಿಗಿಂತ ನಾಗರಿಕರೇ ಹೆಚ್ಚಾದರು. 1974ಕ್ಕೆ ಎಲ್ಲ ರಾಜ್ಯಗಳೂ ಒಪ್ಪಿಕೊಂಡಿದ್ದವು. ನಮ್ಮಲ್ಲಿ 'ಪ್ರೈವೇಟಾಗಿ ಕಟ್ಟಿದಾನೆ' ಅನ್ನೋ ಹಾಗೆ ಅಲ್ಲಿ 'ಜಿ.ಇ.ಡಿ. ಮಾಡಿದಾನೆ' ಅನ್ನೋದು ಮನೆಮಾತಾಯ್ತು. ಹೇಳುವಾಗಿನ ದನಿಯೂ ನಮ್ಮದೇ ಥರ, ಸ್ವಲ್ಪ ಮೆಚ್ಚುಗೆ, ಸ್ವಲ್ಪ 'ಅಷ್ಟೇ ತಾನೇ?'

ಆ ದನಿ ಎಷ್ಟು ದೊಡ್ಡವರನ್ನೂ ಬಿಡಲ್ಲ ಅನ್ನೋದಕ್ಕೆ ಡೇವ್ ಥಾಮಸ್ ಸಾಕ್ಷಿ. 'ವೆಂಡೀಸ್' ಬರ್ಗರ್ ಅಂಗಡಿಗಳ ಸ್ಥಾಪಕ. ಹದಿನೈದಕ್ಕೆ ಶಾಲೆ ಬಿಟ್ಟು ಹೋಟೆಲಿನಲ್ಲಿ ಕೆಲಸಕ್ಕೆ ನಿಂತವನು, 1969ರಲ್ಲಿ ಓಹಾಯೋದ ಕೊಲಂಬಸ್‌ನಲ್ಲಿ ಮೊದಲ ಅಂಗಡಿ ಹಾಕಿ, ಸಾವಿರಾರು ಅಂಗಡಿಗಳ ಮಾಲೀಕನಾದ. ಟಿವಿ ಜಾಹೀರಾತುಗಳಲ್ಲಿ ಅವನ ಮುಖ ಎಲ್ಲರಿಗೂ ಗೊತ್ತು. ಆದರೂ ಅವನಿಗೊಂದು ಅಳುಕು: ನನ್ನನ್ನು ನೋಡಿ ಮಕ್ಕಳು 'ಇವನೇನು ಓದಿದ್ನಾ?' ಅಂತ ಶಾಲೆ ಬಿಟ್ಟರೆ? 1993ರಲ್ಲಿ, ಅರವತ್ತು ದಾಟಿದ ಮೇಲೆ, ಫ್ಲಾರಿಡಾದ ಕೋಕೊನಟ್ ಕ್ರೀಕ್ ಹೈಸ್ಕೂಲಿನ ಮೂಲಕ ಜಿ.ಇ.ಡಿ. ಕಟ್ಟಿ ಪಾಸಾದ. ಆ ವರ್ಷದ ಮಕ್ಕಳು ಅವನನ್ನು 'ಮುಂದೆ ಯಶಸ್ವಿಯಾಗುವ ಸಾಧ್ಯತೆ ಅತಿ ಹೆಚ್ಚು ಇರುವ ವಿದ್ಯಾರ್ಥಿ' ಅಂತ ಆರಿಸಿದರು!

ನಗು ಬರುತ್ತೆ ನಿಜ. ಆದರೆ ಅದೇ 1993ರಲ್ಲಿ ಇನ್ನೊಂದು ಸುದ್ದಿ ಬಂತು, ಅದು ನಗೋ ಥರದ್ದಲ್ಲ. ಸ್ಟೀಫನ್ ಕ್ಯಾಮರಾನ್ ಮತ್ತು ಜೇಮ್ಸ್ ಹೆಕ್ಮನ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ನೋಡಿದರು. ಜಿ.ಇ.ಡಿ. ಪಾಸಾದವರ ಸಂಬಳ, ಕೆಲಸ ಎಲ್ಲ ಹೈಸ್ಕೂಲು ಮುಗಿಸಿದವರಂತೆ ಇರಲಿಲ್ಲ, ಶಾಲೆ ಬಿಟ್ಟವರಿಗೇ ಹತ್ತಿರ ಇತ್ತು. ಕಾಗದದಲ್ಲಿ 'ಸಮಾನ' ಅಂತ ಬರೆದರೂ ಮಾರುಕಟ್ಟೆ ಸಮಾನ ಅಂತ ನೋಡಲಿಲ್ಲ. ಹೆಕ್ಮನ್‌ಗೆ 2000ದಲ್ಲಿ ನೊಬೆಲ್ ಬಂತು. ಅದು ಬೇರೆ ಕೆಲಸಕ್ಕೆ, ಆದರೆ ಈ ಪ್ರಶ್ನೆಯನ್ನು ಆತ ಬಿಡಲಿಲ್ಲ. ಆತನ ವಾದ ಸರಳ: ಪರೀಕ್ಷೆ ಅಳೆಯೋದು ತಲೆಯನ್ನು. ದಿನಾ ಬೆಳಗ್ಗೆ ಎದ್ದು ಹೋಗೋದು, ಬೇಜಾರಾದ್ರೂ ಕೂರೋದು, ಹಿಡಿದದ್ದನ್ನು ಮುಗಿಸೋದು, ಇದನ್ನು ಪರೀಕ್ಷೆ ಅಳೆಯಲ್ಲ.

ಅಂದ್ರೆ ಬೆಂಚಿನ ಲೆಕ್ಕ ಹಾಕಿದ ಕಾರ್ನೆಗಿ ಕಡೆಯವರೇ ಸರಿ ಅಂತಾಯ್ತಾ? ಅರ್ಧ ಸರಿ ಅನ್ನಬಹುದು. ಆದರೆ ನನಗನ್ನಿಸೋದು, ಎರಡು ಮಕ್ಕಳ ತಾಯಿ ರಾತ್ರಿ ಪಾಳಿ ಮುಗಿಸಿ ಬಂದು ಪುಸ್ತಕ ಹಿಡಿಯೋದು ಯಾವ ಬೆಂಚಿಗೆ ಕಡಿಮೆ? ಸರಾಸರಿಯ ಲೆಕ್ಕದಲ್ಲಿ ಅವಳು ಕಾಣಿಸೋದಿಲ್ಲ, ಅಷ್ಟೇ.

ಇಂಟರ್ನೆಟ್ ಬಂದ ಮೇಲೆ ಮೊದಲು ಲಾಭ ಮಾಡಿಕೊಂಡವರಲ್ಲಿ ಕಳ್ಳರೂ ಇದ್ದರು. 'ಬೆಲ್ಫರ್ಡ್ ಹೈಸ್ಕೂಲ್' ಅಂತ ಒಂದು ಜಾಲತಾಣ. ಮನೆಯಲ್ಲೇ ಕೂತು ಒಂದು ಸಣ್ಣ ಪರೀಕ್ಷೆ ಬರೆಯಿರಿ, ದುಡ್ಡು ಕಟ್ಟಿ, ಡಿಪ್ಲೊಮಾ ಮನೆಗೇ ಬರುತ್ತೆ. ಬಂತು ಕೂಡ. ಅದನ್ನು ಹಿಡಿದು ಕಾಲೇಜಿನ ಕೌಂಟರಿಗೆ ಹೋದಾಗಲೇ ಗೊತ್ತಾಗಿದ್ದು, ಅಂಥ ಶಾಲೆಯೇ ಇಲ್ಲ ಅಂತ. 2012ರಲ್ಲಿ ಮಿಷಿಗನ್‌ನ ಫೆಡರಲ್ ನ್ಯಾಯಾಲಯ, ಮೋಸ ಹೋದ ಸುಮಾರು 30,000 ಜನರ ಪರವಾಗಿ 2.27 ಕೋಟಿ ಡಾಲರ್ ಪರಿಹಾರದ ತೀರ್ಪು ಕೊಟ್ಟಿತು. 2014ರಲ್ಲಿ ಫ್ಲಾರಿಡಾದ ಇನ್ನೊಂದು ಅಂಥದೇ ಅಂಗಡಿಯನ್ನು ಸರ್ಕಾರದ ವ್ಯಾಪಾರ ಆಯೋಗ ಮುಚ್ಚಿಸಿತು. ಒಬ್ಬೊಬ್ಬರ ಹತ್ತಿರ 200ರಿಂದ 300 ಡಾಲರ್ ತಗೊಂಡು ಅವರು ಒಟ್ಟು ಒಂದು ಕೋಟಿ ಹತ್ತು ಲಕ್ಷ ಡಾಲರ್ ಬಾಚಿದ್ದರು.

ಇಷ್ಟು ಸಾವಿರ ಜನ ಪೆದ್ದರಾ ಅಂತ ಕೇಳಬಹುದು. ಖಂಡಿತ ಅಲ್ಲ. ಇಂಥ ಮೋಸ ನಡೆಯೋದೇ ನಾಚಿಕೆಯ ಮೇಲೆ. ನಾಲ್ಕು ಜನರನ್ನು ಕೇಳಿ ವಿಚಾರಿಸಿದ್ದರೆ ಗೊತ್ತಾಗ್ತಿತ್ತು. ಆದರೆ ಕೇಳಬೇಕಾದರೆ 'ನಂದು ಹೈಸ್ಕೂಲ್ ಆಗಿಲ್ಲ' ಅಂತ ಬಾಯಿಬಿಟ್ಟು ಹೇಳಬೇಕಲ್ಲ! ಬಾಗಿಲು ಹಾಕಿಕೊಂಡು ಓದುವವರನ್ನೇ ಹುಡುಕಿ ಹಿಡಿಯೋ ಧಂಧೆ ಅದು.

ಈಗ ಲೈಬ್ರರಿಗೆ ವಾಪಸ್ ಬರೋಣ. 2014 ಅಲ್ಲಿನ ವಯಸ್ಕರಿಗೆ ಒಂಥರಾ ತಿರುವಿನ ವರ್ಷ. ಅದೇ ಜನವರಿಯಲ್ಲಿ ಜಿ.ಇ.ಡಿ. ಪೂರ್ತಿ ಬದಲಾಯ್ತು. ಪೆನ್ಸಿಲ್ ಹೋಯ್ತು, ಕಂಪ್ಯೂಟರ್ ಬಂತು, ಪ್ರಶ್ನೆಗಳು ಕಠಿಣ ಆದವು, ನಡೆಸೋ ಹೊಣೆ ಅದಕ್ಕೂ ಮೊದಲೇ ಪಿಯರ್ಸನ್ ಕಂಪನಿಯ ಪಾಲುದಾರಿಕೆಗೆ ಹೋಗಿತ್ತು. ಪಾಸಾಗುವವರ ಸಂಖ್ಯೆ ಒಮ್ಮೆಲೇ ಕುಸಿಯಿತು, ಹಲವು ರಾಜ್ಯಗಳು ಬೇರೆ ಪರೀಕ್ಷೆ ಹುಡುಕಿಕೊಂಡವು. 2020ರ ಕೊರೊನಾ ಕಾಲದಲ್ಲಿ ಕ್ಯಾಮೆರಾ ಕಾವಲಿನಲ್ಲಿ ಮನೆಯಿಂದಲೇ ಬರೆಯೋ ಅವಕಾಶವೂ ಬಂತು.

ಲೈಬ್ರರಿ ಹಿಡಿದ ದಾರಿ ಬೇರೆ. ಅಲ್ಲಿ ಒಂದೇ ದಿನದ ಪರೀಕ್ಷೆ ಇಲ್ಲ, ಪಾಠಗಳನ್ನು ಒಂದೊಂದಾಗಿ ಮುಗಿಸಬೇಕು. ಹಿಂದೆ ಶಾಲೆಯಲ್ಲಿ ಪಾಸಾದ ವಿಷಯಗಳು ಲೆಕ್ಕಕ್ಕೆ ಸಿಗುತ್ತವೆ. ಗಣಿತ, ವಿಜ್ಞಾನದ ಜೊತೆಗೆ ಕೆಲಸಕ್ಕೆ ಬೇಕಾದ ಒಂದು ವೃತ್ತಿ ವಿಷಯವೂ ಇರುತ್ತೆ. ಶುರುವಿನಲ್ಲಿ ಒಂದೂವರೆ ವರ್ಷದೊಳಗೆ ಮುಗಿಸಬೇಕಿತ್ತು. ಆಯ್ಕೆಯಾದವರ ಫೀಸು ಗ್ರಂಥಾಲಯದ್ದು. ಎಲ್ಲಕ್ಕಿಂತ ಮುಖ್ಯ, ಪ್ರತಿಯೊಬ್ಬರಿಗೂ ಒಬ್ಬ ಮಾರ್ಗದರ್ಶಕ ಇರ್ತಾರೆ. ಹೇಗೆ ನಡೀತಿದೆ, ಎಲ್ಲಿ ನಿಂತಿದೆ ಅಂತ ವಿಚಾರಿಸುವವರು. ಕೊನೆಗೆ ಸಿಗೋದು 'ಸಮಾನ' ಪತ್ರ ಅಲ್ಲ, ಮಾನ್ಯತೆ ಪಡೆದ ಡಿಪ್ಲೊಮಾನೇ. ಹೆಕ್ಮನ್ ಎತ್ತಿದ ತಕರಾರಿಗೆ ಇದು ಒಂದು ಉತ್ತರ ಅನ್ನಬಹುದು. ಹಿಡಿದದ್ದನ್ನು ಮುಗಿಸೋ ಗುಣ ಶಾಲೆಯಲ್ಲಿ ಬೆಳೆಯೋದಾದರೆ, ಆ ಶಾಲೆಯನ್ನು ದುಡಿಯುವವರ ರಾತ್ರಿಗೆ ಹೊಂದಿಸೋಣ ಅಂತ.

ನಮ್ಮಲ್ಲೂ ದಾರಿ ಇದೆ. 1979ರಲ್ಲಿ ಸಿ.ಬಿ.ಎಸ್.ಇ.ಯ ಒಂದು ಪ್ರಯೋಗವಾಗಿ ಶುರುವಾದ ಓಪನ್ ಸ್ಕೂಲ್, 1989ರಲ್ಲಿ ಸ್ವತಂತ್ರ ಸಂಸ್ಥೆಯಾಗಿ, ಇವತ್ತು ಎನ್.ಐ.ಓ.ಎಸ್. ಆಗಿದೆ. ವಯಸ್ಸಿನ ಮೇಲ್ಮಿತಿ ಇಲ್ಲ. ಐದು ವರ್ಷ ಟೈಮು ಕೊಡ್ತಾರೆ, ಒಂದೊಂದೇ ವಿಷಯ ಮುಗಿಸಬಹುದು. ಕಾಗದದ ಮೇಲೆ ಇದಕ್ಕಿಂತ ಉದಾರ ವ್ಯವಸ್ಥೆ ಕೇಳೋಕಾಗಲ್ಲ. ಆದರೆ ಅಮೆರಿಕದ ನೂರು ವರ್ಷದ ಕಥೆಯಿಂದ ನನಗೆ ತಿಳಿದದ್ದು ಇಷ್ಟು. ಅಂಚೆ, ಪರೀಕ್ಷೆ, ಆನ್‌ಲೈನ್ ಇವೆಲ್ಲ ಬರೀ ದಾರಿಗಳು. ದಾರಿ ಇದ್ದ ಮಾತ್ರಕ್ಕೆ ಜನ ತಲುಪಲ್ಲ. ಜೊತೆಗೆ ನಡೆಯೋಕೆ ಒಬ್ಬರು ಬೇಕು, ತಲುಪಿದ ಮೇಲೆ ಆ ಕಾಗದವನ್ನು ನಂಬುವವರು ಬೇಕು.

ಚಿಕ್ಕಮ್ಮನಿಗೆ ಗಣಿತ ಎರಡು ಸಲ ಹೋಯ್ತು. ಸಾಕು ಬಿಡು ಅಂದರು ಮನೆಯಲ್ಲಿ. ಮೂರನೇ ಸಲ ಕಟ್ಟುವ ಹೊತ್ತಿಗೆ ಮಗ ಹತ್ತನೇ ಕ್ಲಾಸು ಮುಗಿಸಿದ್ದ. ಅವನೇ ಕೂತು ಲೆಕ್ಕ ಹೇಳಿಕೊಟ್ಟ. ಪಾಸಾದಳು, ಮೂವತ್ತೆಂಟು ಅಂಕ. ವಯಸ್ಸಿಗೊಂದು ಅಂಕ ಕೊಟ್ಟಿದಾರೆ ಅಂತ ನಾವೆಲ್ಲ ನಗ್ತಿದ್ದೆವು, ಅಷ್ಟರಲ್ಲಿ ಅವಳಿಗೆ ನಲವತ್ತಾಗ್ತಾ ಬಂದಿತ್ತು. ಆ ಕೊನೇ ತಿಂಗಳು ರಾತ್ರಿ ಅವರ ಮನೆಗೆ ಹೋದರೆ ತಾಯಿ ಮಗ ಇಬ್ಬರೂ ಅಡುಗೆಮನೆಯಲ್ಲಿ ನೆಲದ ಮೇಲೆ ಪುಸ್ತಕ ಹರಡಿಕೊಂಡು ಕೂತಿರ್ತಿದ್ದರು. ಬಾಗಿಲು ತೆರೆದೇ ಇರ್ತಿತ್ತು.