ಸದಾಶಿವಗಡವನ್ನು ಕಟ್ಟಿಸಿದವರಾರು?

ಅಂಕೋಲೆಯಿಂದ ಕಾರವಾರವನ್ನು ಹಾಯ್ದು ಗೋವೆಯ ಕಡೆಗೆ ಹೊರಟವರಿಗೆ, ಕಾಳೀನದಿಯು ಕಡಲನ್ನು ಕೂಡುವೆಡೆಯಲ್ಲಿ, ಉತ್ತರದ ದಂಡೆಯ ಮೇಲೆ ಸುಮಾರು 200 ಅಡಿ ಎತ್ತರದ ಗುಡ್ಡವೊಂದು ಕಣ್ಣಿಗೆ ಬೀಳುವದು. ಅದೇ ಸದಾಶಿವಗಡ. ಇದನ್ನು ಕಟ್ಟಿಸಿದವರಾರೆಂದು ಕೇಳಿದರೆ, ಶಿವಾಜಿ ಮಹಾರಾಜರೆಂಬ ಉತ್ತರವೇ ಹೆಚ್ಚಾಗಿ ಬರುವದು. ಕವೀಂದ್ರ ರವೀಂದ್ರರೂ ಹೀಗೆಯೇ ನಂಬಿದ್ದರು. ಅವರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ ಇಲ್ಲಿಗೆ ಬಂದು, ಬೆಳದಿಂಗಳಿನಲ್ಲಿ ಕಾಳಿಯಲ್ಲಿ ದೋಣಿಯೇರಿ ಹೋದುದನ್ನು ನೆನೆಯುತ್ತ, ‘ಜೀವನಸ್ಮೃತಿ’ಯಲ್ಲಿ ಆ ದಾರಿಯ ಗಿರಿದುರ್ಗವನ್ನು ಶಿವಾಜಿಯದೆಂದೇ ಹೇಳಿರುವರು.

ಈ ನಂಬಿಕೆಯು ನಿರಾಧಾರವೆಂದಲ್ಲ. ಶಿವಾಜಿಯು 1665ರಲ್ಲಿ ಕಾರವಾರಕ್ಕೆ ಬಂದು ಕಪ್ಪವನ್ನೆತ್ತಿದನು; 1675ರಲ್ಲಿ ಕಾರವಾರ, ಅಂಕೋಲೆಗಳು ಅವನ ವಶವಾದವು. ಆದರೆ ಅವನು ಕಾಲವಾದುದು 1680ರಲ್ಲಿ. ಗಡದ ಹೆಸರಾದರೋ ಸೋದೆಯ ಅರಸನದು.

ಸೋದೆಯ ಮನೆತನದವರು ಮೊದಲು ಜೈನರಾಗಿದ್ದು ತರುವಾಯ ವೀರಶೈವರಾದವರು. 1674ರಿಂದ 1697ರ ವರೆಗೆ ಆಳಿದವನು ಸದಾಶಿವರಾಜ. ಅವನ ಮಗ ಬಸವಲಿಂಗರಾಜನು 1745ರ ವರೆಗೆ ರಾಜ್ಯವಾಳಿದನು. ಈ ಬಸವಲಿಂಗನೇ 1715ರ ಸುಮಾರಿಗೆ ಗುಡ್ಡದ ಮೇಲೆ ಕೋಟೆಯನ್ನು ಕಟ್ಟಿಸಿ ತಂದೆಯ ಹೆಸರನ್ನಿಟ್ಟನು. ಪಿತೃಭಕ್ತಿಯೊಂದೇ ಇದಕ್ಕೆ ಕಾರಣವೆನ್ನಲಾಗದು. ಘಟ್ಟದ ಮೇಲಿನ ಸೋದೆಯ ಸೀಮೆಯು ಮೆಣಸಿನ ನಾಡು. ಆ ಮೆಣಸನ್ನು ಕೊಳ್ಳಲೆಂದೇ ಆಂಗ್ಲರು 1638ರಷ್ಟು ಹಿಂದೆಯೇ ಕಾರವಾರದಲ್ಲಿ ಕೋಠಿಯನ್ನು ಸ್ಥಾಪಿಸಿದ್ದರು. ನದಿಯ ಬಾಯಿಯು ಯಾರ ಕೈಯಲ್ಲಿರುವದೋ, ಹಡಗುಗಳ ಸುಂಕವೂ ಅವರ ಕೈಯಲ್ಲಿಯೇ!

ಆದುದರಿಂದಲೇ ಗಡದ ಮೇಲೆ ಪರರ ಕಣ್ಣು ಬಿದ್ದಿತು. 1752ರಲ್ಲಿ ಪೋರ್ತುಗೀಜರು ಇದನ್ನು ಹಿಡಿದರು. ಅವರ ಕಾಗದಪತ್ರಗಳಲ್ಲಿ ಇದರ ಹೆಸರು ‘ಪಿರೋ’. ಕೆಲಕಾಲದ ಮೇಲೆ ಮರಳಿ ಸೋದೆಯವರಿಗೆ ದಕ್ಕಿತಾದರೂ, 1763ರಲ್ಲಿ ಹೈದರಾಲಿಯ ದಂಡು ಬಂದಾಗ ರಾಜ್ಯವೇ ಹೋಯಿತು. ಅಜ್ಜನ ಹೆಸರನ್ನೇ ಹೊತ್ತಿದ್ದ ಇಮ್ಮಡಿ ಸದಾಶಿವನು ಗೋವೆಗೆ ಹೋಗಿ ಪೋರ್ತುಗೀಜರ ಆಶ್ರಯವನ್ನು ಬೇಡಬೇಕಾಯಿತು. ತಂದೆಯ ಕೋಟೆಯನ್ನು ಕಸಿದವರ ಬಾಗಿಲಿಗೇ ಮಗನು ಹೋಗಬೇಕಾದ ದೈವಗತಿಯನ್ನು ಏನೆನ್ನೋಣ! ಗೋವೆಯ ಫೋಂಡಾ ಸೀಮೆಯ ಬಾಂದೋಡೆಯಲ್ಲಿ ಆ ವಂಶದವರು ನೆಲೆಸಿದರು. ಸೌಂದೇಕರರ ಅರಮನೆಯೆಂದು ಅಲ್ಲಿನ ಮನೆಯು ಪ್ರಸಿದ್ಧವಾಗಿದೆ.

ಮುಂದೆ ಗಡವು ಆಂಗ್ಲರಿಗೂ ಟೀಪುವಿಗೂ ನಡೆದ ಕಾಳಗದಲ್ಲಿ ಸಿಕ್ಕಿಕೊಂಡಿತು. 1784ರ ಮಂಗಳೂರಿನ ಕೌಲಿನಲ್ಲಿ, ಟೀಪುವಿಗೆ ಹಿಂದಿರುಗಿಸತಕ್ಕ ಸ್ಥಳಗಳೊಳಗೆ ಹೊನ್ನಾವರ, ಕಾರವಾರಗಳ ಜೊತೆಗೆ ಸದಾಶಿವಗಡವನ್ನೂ ಹೆಸರಿಸಿ ಬರೆದಿದೆ. 1799ರ ತರುವಾಯ ಆಂಗ್ಲರ ಆಳ್ವಿಕೆಯು ಬಂದು, ಕೋಟೆಗೆ ಕೆಲಸವಿಲ್ಲವಾಯಿತು.

ನಮ್ಮ ಕಾಲದಲ್ಲಿ ಹೆದ್ದಾರಿಗಾಗಿ ಗುಡ್ಡವನ್ನೇ ಕಡಿದು ದಾರಿಮಾಡಿದರು. (ಆ ದಾರಿಯನ್ನು ಕಾರವಾರಕ್ಕೆ ಜೋಡಿಸಿದ್ದ ಹಳೆಯ ಸೇತುವೆಯು 2024ರ ಆಗಸ್ಟಿನಲ್ಲಿ ನದಿಗೆ ಕುಸಿದುದನ್ನು ವಾಚಕರು ಮರೆತಿರಲಾರರು.) ಮೇಲೆ ದುರ್ಗಾದೇವಿಯ ಗುಡಿಯಲ್ಲಿ ಪೂಜೆಯು ನಡೆದಿದೆ, ಕೋಟೆಯ ಗೋಡೆಗಳಾದರೋ ಗಿಡಗಂಟಿಗಳ ಪಾಲಾಗಿವೆ. ನದಿಯ ಆಚೆಗೆ, ಕಾರವಾರದ ಕಡಲದಂಡೆಯಲ್ಲಿ, 1976ರಿಂದ 2005ರ ವರೆಗೆ ನೌಕಾಸೇನೆಯಲ್ಲಿದ್ದ ‘ಚಪಲ’ವೆಂಬ ಯುದ್ಧನೌಕೆಯನ್ನು 2006ರಲ್ಲಿ ವಸ್ತುಸಂಗ್ರಹಾಲಯವಾಗಿ ಮಾಡಿರುವರು. ಮಕ್ಕಳು ಅದರೊಳಗೆ ಹೊಕ್ಕು ನೋಡಿ ನಲಿಯುವರು. ಅದು ಯುಕ್ತವೇ ಸರಿ. ಆದರೆ ಮೂವತ್ತು ವರ್ಷ ತುಂಬದ ಹಡಗಿಗೆ ದೊರೆತ ಮನ್ನಣೆಯು ಮೂರು ನೂರು ವರ್ಷದ ಕೋಟೆಗೆ ದೊರೆತಿಲ್ಲ. ಮೆಣಸಿನ ವ್ಯಾಪಾರ, ಪೋರ್ತುಗೀಜರ ದಾಳಿ, ಮಂಗಳೂರಿನ ಕೌಲು, ಬಾಂದೋಡೆಯ ವಲಸೆ, ಇಷ್ಟನ್ನೂ ಹೇಳುವದಕ್ಕೆ ಈ ಗುಡ್ಡಕ್ಕಿಂತ ತಕ್ಕ ಸ್ಥಳವೆಲ್ಲಿದೆ? ಅಷ್ಟು ದೊಡ್ಡ ಕಾರ್ಯವು ಸದ್ಯಕ್ಕೆ ಆಗದಿದ್ದರೆ, ಗುಡಿಗೆ ಏರುವ ದಾರಿಯ ಬುಡದಲ್ಲಿ ಸದಾಶಿವರಾಜ, ಬಸವಲಿಂಗರಾಜ ಎಂಬೀ ಎರಡು ಹೆಸರುಗಳನ್ನು ಕೆತ್ತಿಸಿದ ಕಲ್ಲೊಂದನ್ನು ನಿಲ್ಲಿಸಬಹುದು. ಸದ್ಭಕ್ತರು ಮನಸ್ಸು ಮಾಡಿದರೆ ಅದಕ್ಕೆ ತಗಲುವ ವೆಚ್ಚವು ಸ್ವಲ್ಪವೇ.