ರೋಸ್ಮೀಡ್ ಪ್ಲೇಸಿನ ಮನೆ

1959ರ ಸೆಪ್ಟೆಂಬರ್ 25ರ ಬೆಳಗ್ಗೆ, ಕೊಲಂಬೊ ನಗರದ ರೋಸ್ಮೀಡ್ ಪ್ಲೇಸ್ ಎಂಬ ಬೀದಿಯ ಮನೆಯೊಂದರ ಜಗುಲಿಯಲ್ಲಿ ಎಂದಿನಂತೆ ಜನ ಕಾದಿದ್ದರು. ಸಿಂಹಳದ ಪ್ರಧಾನಿ ಸಾಲೊಮನ್ ಬಂಡಾರನಾಯಕೆ ಬಂದವರ ಅಹವಾಲುಗಳನ್ನು ಕೇಳುತ್ತ, ಕಾಷಾಯಧಾರಿಯಾದ ಭಿಕ್ಷುವೊಬ್ಬನ ಮುಂದೆ ನಿಂತು ಬಾಗಿ ವಂದಿಸಿದರು. ಆ ಭಿಕ್ಷು, ತಾಲ್ದೂವೆ ಸೋಮರಾಮ, ಚೀವರದ ಮರೆಯಿಂದ ರಿವಾಲ್ವರ್ ತೆಗೆದು ಗುಂಡು ಹಾರಿಸಿದ. ಮರುದಿನ ಪ್ರಧಾನಿ ತೀರಿಕೊಂಡರು. ಸಂಚಿನ ಸೂತ್ರಧಾರ ಕೆಲನಿಯದ ಪ್ರಾಚೀನ ವಿಹಾರದ ಮುಖ್ಯ ಭಿಕ್ಷು ಬುದ್ಧರಕ್ಖಿತ. ಬಂಡಾರನಾಯಕೆಯವರನ್ನು ಅಧಿಕಾರಕ್ಕೆ ತರಲು ಹಗಲಿರುಳು ದುಡಿದವನೇ ಆತ. ವ್ಯಾಪಾರದ ಲಾಭಗಳು ಕೈಗೂಡದಾಗ ಭಕ್ತಿ ಹಗೆಯಾಯಿತು.

ಅಂದು ವಿಧವೆಯಾದ ಸಿರಿಮಾವೊಗೆ ನಲವತ್ತಮೂರು ವರ್ಷ. ರತ್ನಪುರ ಸೀಮೆಯ ರತ್ವತ್ತೆ ಮನೆತನದ ಮಗಳು; ಕಾನ್ವೆಂಟಿನಲ್ಲಿ ಓದಿದರೂ ಬೌದ್ಧ ಸಂಪ್ರದಾಯವನ್ನು ಬಿಡದವಳು; ಮೂರು ಮಕ್ಕಳ ತಾಯಿ. ಲಂಕಾ ಮಹಿಳಾ ಸಮಿತಿಯ ಮೂಲಕ ಹಳ್ಳಿಗಳ ಹೆಂಗಸರ ನಡುವೆ ಕೆಲಸ ಮಾಡಿದ್ದನ್ನು ಬಿಟ್ಟರೆ ಸಾರ್ವಜನಿಕ ಜೀವನದ ಅನುಭವ ಆಕೆಗಿರಲಿಲ್ಲ. ಗಂಡ ಕಟ್ಟಿದ್ದ ಶ್ರೀಲಂಕಾ ಫ್ರೀಡಂ ಪಕ್ಷ ದಿಕ್ಕಿಲ್ಲದೆ ಆಕೆಯ ಬಾಗಿಲಿಗೆ ಬಂತು. ಬಿಳಿಯ ಸೀರೆಯುಟ್ಟು ಊರೂರು ತಿರುಗಿದಳು. ಸಭೆಗಳಲ್ಲಿ ಗಂಡನ ಭಾಷಣಗಳ ಧ್ವನಿಮುದ್ರಿಕೆಗಳನ್ನು ಕೇಳಿಸಲಾಯಿತು. ಸತ್ತವನ ಕಂಠ ಮೊಳಗುತ್ತಿರಲು, ಪಕ್ಕದಲ್ಲಿ ಅವನ ಹೆಂಡತಿ ನಿಂತಿರುವ ಆ ದೃಶ್ಯವನ್ನು ಕೇಳುಗರು ಒಮ್ಮೆ ಕಲ್ಪಿಸಿಕೊಳ್ಳಬೇಕು. ವಿರೋಧಿಗಳು ‘ಅಳುವ ವಿಧವೆ’ ಎಂದು ಹಂಗಿಸಿದರು. 1960ರ ಜುಲೈ ಚುನಾವಣೆಯಲ್ಲಿ 151 ಸ್ಥಾನಗಳಲ್ಲಿ 75 ಆಕೆಯ ಪಕ್ಷಕ್ಕೆ ದೊರೆತವು. ಜುಲೈ 21ರಂದು ಸಿರಿಮಾವೊ ಜಗತ್ತಿನ ಮೊತ್ತಮೊದಲ ಮಹಿಳಾ ಪ್ರಧಾನಿಯಾದಳು. ತಾನು ಯಾವ ಕ್ಷೇತ್ರದಿಂದಲೂ ನಿಂತಿರಲಿಲ್ಲ. ಸೆನೆಟ್ಟಿನ ಮೂಲಕ ಸರಕಾರವನ್ನು ಸೇರಿದಳು.

ಗಂಡನ ದಾರಿಯಲ್ಲೇ ನಡೆಯುವೆನೆಂಬುದು ಆಕೆ ಕೊಟ್ಟ ಮಾತು. ಆದರೆ ಆ ದಾರಿ ಯಾವುದು?

ಸಾಲೊಮನ್ ಬಂಡಾರನಾಯಕೆ ಬಿಟ್ಟುಹೋದ ಆಸ್ತಿ ಒಂದಲ್ಲ, ಎರಡು. 1956ರಲ್ಲಿ ಸಿಂಹಳ ಭಾಷೆಯೊಂದನ್ನೇ ಆಡಳಿತ ಭಾಷೆಯಾಗಿಸಿ ಶಾಸನ ಮಾಡಿದವರು ಅವರು. ಮರುವರ್ಷ, ತಾವೇ ಎಬ್ಬಿಸಿದ ಬೆಂಕಿಯ ಕಾವು ತಟ್ಟಿ, ತಮಿಳರ ನಾಯಕ ಚೆಲ್ವನಾಯಕಂ ಅವರೊಡನೆ ಒಪ್ಪಂದ ಮಾಡಿಕೊಂಡವರೂ ಅವರೇ. ತಮಿಳಿಗೆ ಒಂದು ಸ್ಥಾನ, ಉತ್ತರ ಮತ್ತು ಪೂರ್ವ ಪ್ರಾಂತಗಳಿಗೆ ಪ್ರಾದೇಶಿಕ ಮಂಡಳಿಗಳು ಎಂಬುದು ಅದರ ಸಾರ. 1958ರ ಏಪ್ರಿಲ್‌ನಲ್ಲಿ ಭಿಕ್ಷುಗಳ ಗುಂಪು ಇದೇ ರೋಸ್ಮೀಡ್ ಪ್ಲೇಸಿನ ಮನೆಯಂಗಳದಲ್ಲಿ ಕುಳಿತು ಹಟ ಹಿಡಿಯಿತು. ಪ್ರಧಾನಿ ಒಪ್ಪಂದವನ್ನು ರದ್ದುಪಡಿಸಿದರು. ಮುಂದಿನ ತಿಂಗಳು ದ್ವೀಪದಲ್ಲಿ ನೆತ್ತರು ಹರಿಯಿತು. ಒಪ್ಪಂದ ಮುರಿದ ಅಂಗಳಕ್ಕೂ ಗುಂಡು ಹಾರಿದ ಜಗುಲಿಗೂ ಹೆಚ್ಚು ದೂರವಿಲ್ಲ.

ವಿಧವೆ ಆರಿಸಿಕೊಂಡದ್ದು ಶಾಸನವನ್ನು, ಒಪ್ಪಂದವನ್ನಲ್ಲ. 1961ರ ಜನವರಿಯಿಂದ ಭಾಷಾ ಶಾಸನ ಪೂರ್ಣವಾಗಿ ಜಾರಿಗೆ ಬಂತು. ಜಾಫ್ನಾದ ಸರಕಾರಿ ಕಚೇರಿಯ ಮುಂದೆ ತಮಿಳರು ಸತ್ಯಾಗ್ರಹ ಹೂಡಿದರು. ತುರ್ತುಪರಿಸ್ಥಿತಿ ಘೋಷಿಸಿ, ಸೇನೆಯನ್ನು ಕಳುಹಿಸಿ, ಚೆಲ್ವನಾಯಕಂ ಮೊದಲಾದವರನ್ನು ಬಂಧನದಲ್ಲಿಟ್ಟಳು. ಗಂಡ ಹಿಂಜರಿದು ಅಳುಕಿದಲ್ಲಿ ಹೆಂಡತಿ ಅಳುಕಲಿಲ್ಲ. ಇದನ್ನು ದಾರ್ಢ್ಯವೆಂದು ಹೊಗಳಿದವರುಂಟು. ಆ ಅಳುಕಿನಲ್ಲಿಯೇ ಗಂಡನ ವಿವೇಕವಿತ್ತೆಂದು ನನಗೆ ತೋರುತ್ತದೆ.

ಇನ್ನೊಂದು ಸಂಗತಿ. ಆಸ್ಪತ್ರೆಯ ಹಾಸಿಗೆಯಿಂದ ಬಂಡಾರನಾಯಕೆ ಕೊಟ್ಟ ಕಡೆಯ ಸಂದೇಶದಲ್ಲಿ, ತನ್ನ ಮೇಲೆ ಗುಂಡು ಹಾರಿಸಿದವನ ಬಗ್ಗೆ ಕರುಣೆ ತೋರಬೇಕೆಂದು ಕೋರಿದ್ದರು. ಅವರ ಸರಕಾರ ಮರಣದಂಡನೆಯನ್ನೇ ತಡೆಹಿಡಿದಿತ್ತು. ಕೊಲೆಯ ತರುವಾಯ, ಅವರ ಉತ್ತರಾಧಿಕಾರಿ ದಹನಾಯಕೆಯವರ ಕಾಲದಲ್ಲಿ, ಅದು ಮರಳಿ ಬಂತು. 1962ರ ಜುಲೈನಲ್ಲಿ ಸೋಮರಾಮನನ್ನು ಗಲ್ಲಿಗೇರಿಸಿದಾಗ ಪ್ರಧಾನಿಯಾಗಿದ್ದವಳು ಸಿರಿಮಾವೊ. ನ್ಯಾಯಾಲಯದ ತೀರ್ಪು, ದೇಶದ ಕಾನೂನು, ಎಲ್ಲವೂ ಕ್ರಮವಾಗಿಯೇ ಇತ್ತು.

ಪರದೇಶಗಳ ವ್ಯವಹಾರದಲ್ಲಿ ಆಕೆಯ ಹಿರಿಮೆಯನ್ನು ಮರೆಯಲಾಗದು. 1962ರಲ್ಲಿ ಚೀನಾ ನಮ್ಮ ಮೇಲೆ ಬಿದ್ದಾಗ ಆರು ಅಲಿಪ್ತ ರಾಷ್ಟ್ರಗಳನ್ನು ಕೊಲಂಬೊದಲ್ಲಿ ಸೇರಿಸಿ, ಸಂಧಾನದ ಸೂತ್ರಗಳನ್ನು ಹಿಡಿದು ಪೀಕಿಂಗಿಗೂ ದೆಹಲಿಗೂ ತಾನೇ ಹೋಗಿಬಂದಳು. 1964ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರೊಡನೆ ಮಾಡಿಕೊಂಡ ಒಪ್ಪಂದ ಮಾತ್ರ ಓದಿದಷ್ಟೂ ಕಸಿವಿಸಿಗೊಳಿಸುತ್ತದೆ. ಅದರ ಲೆಕ್ಕಕ್ಕೆ ಬಂದದ್ದು 9,75,000 ಮಂದಿ, ಬಹುಪಾಲು ಚಹಾ ತೋಟಗಳ ತಮಿಳು ಕೂಲಿಗಳು. ಭಾರತಕ್ಕೆ 5,25,000; ಸಿಂಹಳಕ್ಕೆ 3,00,000; ಉಳಿದ ಒಂದೂವರೆ ಲಕ್ಷ ಮುಂದೆ ನೋಡೋಣವೆಂದು. ಕಣದಲ್ಲಿ ರಾಶಿಯನ್ನು ಪಾಲು ಮಾಡಿದಂತೆ. ಆ ರಾಶಿಯಲ್ಲಿದ್ದವರನ್ನು ಯಾರೂ ಕೇಳಲಿಲ್ಲ, ನಮ್ಮವರೂ ಕೇಳಲಿಲ್ಲ.

1965ರಲ್ಲಿ ಸೋಲು, 1970ರಲ್ಲಿ ಮತ್ತೆ ಗೆಲುವು. 1971ರಲ್ಲಿ ಸಿಂಹಳ ಯುವಕರೇ ದಂಗೆಯೆದ್ದರು. 1972ರಲ್ಲಿ ಸಿಲೋನ್ ಗಣರಾಜ್ಯವಾಗಿ ಶ್ರೀಲಂಕಾ ಎನಿಸಿತು. 1977ರಲ್ಲಿ ಪಕ್ಷಕ್ಕೆ ದಕ್ಕಿದ್ದು ಎಂಟೇ ಸ್ಥಾನ. 1980ರಲ್ಲಿ ಆಕೆಯ ಪೌರಹಕ್ಕನ್ನೇ ಕಸಿದುಕೊಂಡರು. ಆಗ ಆಕೆ ಅಳುವ ವಿಧವೆಯಾಗಿ ಉಳಿದಿರಲಿಲ್ಲ. ಗಂಡನ ಹೆಸರಿಲ್ಲದೆಯೂ ವಿರೋಧಿಗಳು ಅಂಜುವಂಥ ಹೆಸರು ಆಕೆಯದಾಗಿತ್ತು.

ಮನೆಯ ವಿಧಿ ಅಲ್ಲಿಗೆ ಮುಗಿಯಲಿಲ್ಲ. 1988ರಲ್ಲಿ ಅಳಿಯ, ಚಿತ್ರನಟ ವಿಜಯ ಕುಮಾರತುಂಗ, ಗುಂಡಿಗೆ ಬಲಿಯಾದ. ಮಗಳು ಚಂದ್ರಿಕಾ 1994ರಲ್ಲಿ ರಾಷ್ಟ್ರಾಧ್ಯಕ್ಷೆಯಾಗಿ ತಾಯಿಯನ್ನು ಮೂರನೆಯ ಸಲ ಪ್ರಧಾನಿಯಾಗಿಸಿದಳು. ತಂದೆ ಕೈಬಿಟ್ಟ ಅಧಿಕಾರ ಹಂಚಿಕೆಯನ್ನು ಹೊಸ ಸಂವಿಧಾನದ ಮೂಲಕ ತರಲು 2000ದ ಆಗಸ್ಟ್‌ನಲ್ಲಿ ಯತ್ನಿಸಿದಳು. ಬೇಕಾದ ಬಹುಮತ ಒದಗಲಿಲ್ಲ, ಭಿಕ್ಷುಗಳು ಮತ್ತೆ ಬೀದಿಗಿಳಿದಿದ್ದರು. ಅದೇ ತಿಂಗಳು ಸಿರಿಮಾವೊ ಪ್ರಧಾನಿ ಪದವಿಯನ್ನು ಬಿಟ್ಟಳು. ಅಕ್ಟೋಬರ್ 10ರಂದು ಚುನಾವಣೆ. ಎಂಬತ್ತನಾಲ್ಕರ ಆಕೆ ಗಂಡನ ಹಳೆಯ ಕ್ಷೇತ್ರವಾದ ಅತ್ತನಗಲ್ಲಕ್ಕೆ ಹೋಗಿ ಮತ ಹಾಕಿ ಕೊಲಂಬೊಗೆ ಮರಳುವಾಗ ದಾರಿಯಲ್ಲೇ ಹೃದಯಾಘಾತದಿಂದ ತೀರಿಕೊಂಡಳು. ಹೊರಗೊಲ್ಲದಲ್ಲಿ ಗಂಡನ ಸಮಾಧಿಯ ಮಗ್ಗುಲಲ್ಲೇ ಆಕೆಯದೂ ಇದೆ.